ಸೂಲಗಿತ್ತಿ, ದಾದಿ, ಆಶಾ: ಕರ್ನಾಟಕದ ಗ್ರಾಮೀಣ ಆರೋಗ್ಯ ಕಾರ್ಯಕರ್ತರ ಶಿಕ್ಷಣದ ಚರಿತ್ರೆ

ಕರ್ನಾಟಕದ ಸಾರ್ವಜನಿಕ ಆರೋಗ್ಯದ ಚರಿತ್ರೆ ಬಹುಮಟ್ಟಿಗೆ ರೋಗಗಳ, ಆಸ್ಪತ್ರೆಗಳ ಮತ್ತು ವೈದ್ಯಾಧಿಕಾರಿಗಳ ಚರಿತ್ರೆಯಾಗಿ ರಚಿತವಾಗಿದೆ. ಊರೂರು ತಿರುಗಿ, ಮನೆಯ ಹೊಸ್ತಿಲಲ್ಲಿ ನಿಂತು ಮಾತನಾಡಿದವರು ಈ ಚರಿತ್ರೆಯ ಅಂಚಿನಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಾರೆ. ದೇವಿ ಹಾಕುವವರು, ಸೂಲಗಿತ್ತಿಯರು, ಆರೋಗ್ಯ ನಿರೀಕ್ಷಕರು, ದಾದಿಯರು, ಮಲೇರಿಯಾ ಕಾರ್ಯಕರ್ತರು, ಈಚಿನ ಆಶಾ ಕಾರ್ಯಕರ್ತೆಯರು ಇವರೆಲ್ಲ ಈ ಸಾಲಿಗೆ ಸೇರಿದವರು. ಇವರ ಸಂಖ್ಯೆ, ಸಂಬಳ, ಹುದ್ದೆಗಳ ವಿವರ ಸರ್ಕಾರಿ ವರದಿಗಳಲ್ಲಿ ದೊರೆಯುತ್ತದೆ. ಆದರೆ ಇವರಿಗೆ ಏನನ್ನು ಕಲಿಸಲಾಯಿತು, ಕಲಿಸಬೇಕಾದುದನ್ನು ಯಾರು ನಿರ್ಧರಿಸಿದರು, ಕೆಲಸಕ್ಕೆ ನಿಜವಾಗಿ ಬೇಕಾಗಿದ್ದ ತಿಳಿವಳಿಕೆ ಯಾವುದು ಎಂಬ ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡಿದ ಪ್ರಯತ್ನಗಳು ವಿರಳ.

ಈ ಮೂರು ಪ್ರಶ್ನೆಗಳನ್ನು ಜಾನಪದದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹಳೆಯ ಮೈಸೂರು ಸಂಸ್ಥಾನದಿಂದ ಇಂದಿನವರೆಗಿನ ತರಬೇತಿಯ ಕ್ರಮವನ್ನು ಗಮನಿಸಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಕಾರ್ಯಕರ್ತರು ಜನರಿಗೆ ಏನನ್ನು ಮುಟ್ಟಿಸಬೇಕು ಎಂಬುದನ್ನು ಪ್ರತಿಯೊಂದು ಪಠ್ಯಕ್ರಮವೂ ವಿವರವಾಗಿ ಹೇಳಿದೆ. ಜನರಿಂದ ಏನನ್ನು ತಿಳಿಯಬೇಕು ಎಂಬುದನ್ನು ಹೇಳಿದ್ದು ಕಡಿಮೆ. ಈ ಎರಡನೆಯ ಬಗೆಯ ಅಗತ್ಯವನ್ನು ಎತ್ತಿ ತೋರಿಸಿದ ಘಟನೆಗಳು ಕರ್ನಾಟಕದ ನೆಲದಲ್ಲಿಯೇ ನಡೆದಿವೆ ಎಂಬುದು ವಿಶೇಷ.

ದೇವಿ ಹಾಕುವವರು

ಭಾರತದಲ್ಲಿ ಜೆನ್ನರನ ಸಿಡುಬಿನ ಲಸಿಕೆಯ ಮೊದಲ ಪ್ರಯೋಗ ಮುಂಬಯಿಯಲ್ಲಿ 1802ರಲ್ಲಿ ನಡೆಯಿತು. ಕೆಲವೇ ವರ್ಷಗಳಲ್ಲಿ ಅದು ಮೈಸೂರಿಗೂ ಬಂದಿತು. ಥಾಮಸ್ ಹಿಕಿ 1805ರಲ್ಲಿ ರಚಿಸಿದ ಮೈಸೂರು ರಾಜಮನೆತನದ ಮೂವರು ಸ್ತ್ರೀಯರ ಚಿತ್ರದಲ್ಲಿ ಒಬ್ಬ ತರುಣ ರಾಣಿ ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿದ್ದಾಳೆ. ಲಸಿಕೆ ಹಾಕಿಸಿಕೊಂಡ ಜಾಗವನ್ನು ಆಕೆ ತೋರಿಸುತ್ತಿದ್ದಾಳೆ, ಈ ಚಿತ್ರ ಲಸಿಕೆಯ ಪ್ರಚಾರಕ್ಕೆ ಸಂಬಂಧಿಸಿದ್ದು ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಿವರಿಸಿದ್ದಾರೆ. ಈ ವ್ಯಾಖ್ಯಾನವನ್ನು ಒಪ್ಪುವುದಾದರೆ ಕನ್ನಡ ನಾಡಿನ ಆರೋಗ್ಯ ಪ್ರಚಾರದ ಮೊದಲ ಸಾಮಗ್ರಿಗಳಲ್ಲಿ ಒಂದು ಅರಮನೆಯೊಳಗೇ ಸಿದ್ಧವಾಯಿತು ಎನ್ನಬೇಕಾಗುತ್ತದೆ.

ಹಳ್ಳಿಗೆ ಬಂದವನು ಮಾತ್ರ ಲಸಿಕೆಗಾರ. ಒಂದು ಮಗುವಿನ ತೋಳಿನ ಗುಳ್ಳೆಯಿಂದ ತೆಗೆದ ರಸವನ್ನು ಮತ್ತೊಂದು ಮಗುವಿನ ತೋಳಿಗೆ ಗೀರಿ ಸೇರಿಸುವ ಕ್ರಮ ಬಹುಕಾಲ ನಡೆಯಿತು. ಜಾತಿ ಮತ್ತು ಮಡಿಯ ವಿಚಾರ ಪ್ರಬಲವಾಗಿದ್ದ ಸಮಾಜದಲ್ಲಿ ಈ ಕ್ರಮ ಎಂಥ ಅಳುಕನ್ನು ಹುಟ್ಟಿಸಿರಬಹುದು ಎಂಬುದನ್ನು ವಿವರಿಸಬೇಕಿಲ್ಲ. ಲಸಿಕೆಗಾರನ ಶಿಕ್ಷಣವೆಂದರೆ ಹಿರಿಯ ಲಸಿಕೆಗಾರನ ಜೊತೆ ತಿರುಗಿ ಕೈಚಳಕವನ್ನು ಕಲಿಯುವುದು. ಸಿಡುಬು ಬಂದ ಮನೆಯಲ್ಲಿ ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆ ಹಾಕದೆ, 'ಅಮ್ಮ ಬಂದಿದ್ದಾಳೆ' ಎಂದು ದನಿ ತಗ್ಗಿಸಿ ಮಾತನಾಡುವ ಜನರ ಮುಂದೆ ಹೇಗೆ ನಡೆದುಕೊಳ್ಳಬೇಕು ಎಂಬುದು ಆ ಶಿಕ್ಷಣದ ಭಾಗವಾಗಿರಲಿಲ್ಲ.

ಜನರು ಮಾತ್ರ ತಮ್ಮದೇ ಉತ್ತರವನ್ನು ಕಂಡುಕೊಂಡರು. ಉತ್ತರ ಕರ್ನಾಟಕದಲ್ಲಿ ಲಸಿಕೆ ಹಾಕಿಸಿಕೊಳ್ಳುವುದಕ್ಕೆ 'ದೇವಿ ಹಾಕಿಸುವುದು' ಎಂಬ ಮಾತು ಬಳಕೆಗೆ ಬಂದಿತು. ಹಳೆಯ ಮೈಸೂರು ಸೀಮೆಯಲ್ಲಿ 'ಮೈಲಿ ಹಾಕುವುದು' ಎಂದರು. ರೋಗಕ್ಕೂ, ರೋಗದ ಅಧಿದೇವತೆಗೂ, ರೋಗವನ್ನು ತಡೆಯುವ ಗೀರಿಗೂ ಒಂದೇ ಹೆಸರು. ಇದನ್ನು ಅಜ್ಞಾನದ ಗೊಂದಲವೆಂದು ಬಗೆಯುವುದು ತಪ್ಪಾಗುತ್ತದೆ. ದೇವಿಯನ್ನು ಅಲ್ಪ ಪ್ರಮಾಣದಲ್ಲಿ ಮೈಯೊಳಗೆ ಬರಮಾಡಿಕೊಂಡರೆ ಆಕೆ ಮತ್ತೆ ಉಗ್ರವಾಗಿ ಬರುವುದಿಲ್ಲ ಎಂಬ ತರ್ಕ ಆ ಹೆಸರಿನಲ್ಲಿದೆ. ಲಸಿಕೆಯ ತತ್ತ್ವವನ್ನು ಅಷ್ಟು ಸಂಕ್ಷಿಪ್ತವಾಗಿ ಹೇಳಿದ ಆರೋಗ್ಯ ಇಲಾಖೆಯ ಕರಪತ್ರ ಮತ್ತೊಂದಿರಲಾರದು. ಬೆಂಗಳೂರಿಗೆ 1898ರಲ್ಲಿ ಪ್ಲೇಗು ಬಂದಾಗ ಪ್ಲೇಗಮ್ಮನ ಗುಡಿಗಳು ಎದ್ದುದೂ ಇದೇ ಮನೋಧರ್ಮದಿಂದ. ಹೊಸ ರೋಗಕ್ಕೆ ಜನರು ಪರಿಚಿತ ಭಾಷೆಯಲ್ಲಿ ಜಾಗ ಮಾಡಿಕೊಟ್ಟರು.

ದಾಯಿಯರನ್ನು ತಿದ್ದುವ ಯೋಜನೆ

ಹೆರಿಗೆಯ ವಿಷಯದಲ್ಲಿ ಸ್ಥಿತಿ ಬೇರೆಯಾಗಿತ್ತು. ಲಸಿಕೆಗಾರನ ಕೆಲಸ ಹೊಸದು, ಸೂಲಗಿತ್ತಿಯ ಕೆಲಸ ಪುರಾತನ. ಬಸುರಿಯ ಹೊಟ್ಟೆ ಮುಟ್ಟಿ ಮಗುವಿನ ನೆಲೆ ಹೇಳುವುದು, ನೋವು ನಿಜವೋ ಸುಳ್ಳೋ ಎಂದು ಗುರುತಿಸುವುದು, ಮಾಸು ಬೀಳುವವರೆಗೆ ಕಾಯುವುದು, ಬಾಣಂತಿಗೆ ಎಣ್ಣೆ ನೀರು ಹಾಕುವುದು, ಕೂಸಿನ ತಲೆಯನ್ನು ತೀಡುವುದು ಇವೆಲ್ಲ ಅಜ್ಜಿಯಿಂದ, ತಾಯಿಯಿಂದ, ಅತ್ತೆಯಿಂದ ಕೈಯಿಂದ ಕೈಗೆ ಬಂದ ವಿದ್ಯೆ. ಹಲವೆಡೆ ಈ ಕೆಲಸ ಕೆಳಗೆ ತಳ್ಳಲ್ಪಟ್ಟ ಜಾತಿಗಳ ಹೆಂಗಸರದಾಗಿತ್ತು. ಹುಟ್ಟುವ ಗಳಿಗೆಯಲ್ಲಿ ಆಕೆಯ ಕೈ ಬೇಕು, ಹನ್ನೊಂದು ದಿನ ಕಳೆದ ಮೇಲೆ ಆಕೆ ಹೊಸ್ತಿಲಾಚೆ ನಿಲ್ಲಬೇಕು. ಮೊರದ ತುಂಬ ಅಕ್ಕಿ, ಬೆಲ್ಲ, ಎಲೆ ಅಡಿಕೆ, ಉಳ್ಳವರಾದರೆ ಒಂದು ಸೀರೆ ಇವೇ ಸಂಭಾವನೆ.

ಕೌಂಟೆಸ್ ಆಫ್ ಡಫರಿನ್ ನಿಧಿ 1885ರಲ್ಲಿ ಸ್ಥಾಪನೆಯಾದಾಗ ಅದರ ಮುಖ್ಯ ಗಮನ ಸ್ತ್ರೀಯರಿಗೆ ಸ್ತ್ರೀ ವೈದ್ಯರನ್ನು ಒದಗಿಸುವುದರ ಮೇಲಿತ್ತು. ದಾಯಿಯರ ತರಬೇತಿಗೆಂದೇ ಲೇಡಿ ಕರ್ಜನ್ 1903ರಲ್ಲಿ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿಯನ್ನು ಆರಂಭಿಸಿದರು. ಈ ನಿಧಿಯ ಅನುಭವಗಳನ್ನು ಒಟ್ಟುಗೂಡಿಸಿ 1918ರಲ್ಲಿ ಒಂದು ಸಂಪುಟ ಹೊರಬಂದಿತು. ಅದರಲ್ಲಿ ಮೂಡುವ ದಾಯಿಯ ಚಿತ್ರ ಕೊಳಕಿ, ಹಟಮಾರಿ, ಕಲಿಯಲಾರದವಳು ಎಂಬುದು. ವಸಾಹತುಶಾಹಿಯ ಧೋರಣೆಯನ್ನು ಖಂಡಿಸುವ ಭರದಲ್ಲಿ ಇಲ್ಲಿ ಒಂದು ಸತ್ಯವನ್ನು ಮರೆಯಬಾರದು. ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದಲೋ ಬಿದಿರ ಸೀಳಿನಿಂದಲೋ ಕೊಯ್ದು, ಗಾಯಕ್ಕೆ ಬೂದಿ ಅಥವಾ ಸಗಣಿ ಹಚ್ಚುತ್ತಿದ್ದ ಕಡೆಗಳಲ್ಲಿ ಧನುರ್ವಾಯುವಿನಿಂದ ಕೂಸುಗಳು ಸತ್ತಿವೆ. ಶುದ್ಧ ಕೈ, ಶುದ್ಧ ಹಾಸು, ಶುದ್ಧ ಬ್ಲೇಡು, ಶುದ್ಧ ದಾರ, ಏನನ್ನೂ ಹಚ್ಚದ ಶುದ್ಧ ಹೊಕ್ಕುಳು ಎಂಬ ಐದು ಶುದ್ಧಿಗಳ ಪಾಠ ಮುಂದೆ ಬಂದಾಗ ಅದು ಜೀವ ಉಳಿಸಿದ ಪಾಠವೇ ಆಗಿತ್ತು. ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆ ಎಂಬ ಮಾನ್ಯತೆ ದೊರೆತದ್ದು 2015ರಲ್ಲಿ.

ತೊಡಕು ಇದ್ದುದು ಪಾಠದಲ್ಲಲ್ಲ, ಪಾಠ ಒಂದೇ ದಿಕ್ಕಿನಲ್ಲಿ ಹರಿದುದರಲ್ಲಿ. ಬಾಣಂತನದ ನಲವತ್ತು ದಿನ ತಾಯಿಯ ಪಕ್ಕದಲ್ಲಿರುವ ರೂಢಿ, ಹೆರುವವಳಿಗೆ ಧೈರ್ಯ ಹೇಳುವ ಮಾತು, ಕುಕ್ಕರಗಾಲಿನಲ್ಲಿ ಕೂರಿಸಿ ಹೆರಿಸುವ ಕ್ರಮ ಇವುಗಳಲ್ಲಿ ದಾದಿಯರು ಕಲಿಯಬೇಕಾದುದು ಏನಾದರೂ ಇದೆಯೇ ಎಂಬ ವಿಚಾರಣೆ ನಡೆಯಲಿಲ್ಲ.

ಮಂಡ್ಯದಿಂದ ರಾಮನಗರಕ್ಕೆ

ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ (1926-41) ಮೈಸೂರು ಸಂಸ್ಥಾನ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ಸಹಕಾರ ಪಡೆದು ಸಾರ್ವಜನಿಕ ಆರೋಗ್ಯ ವ್ಯವಸ್ಥೆಯನ್ನು ಪುನರ್ರಚಿಸಿತು. ಪ್ರತಿಷ್ಠಾನದ ಪರವಾಗಿ ಡಾ. ಜಾಕಾಕ್ಸ್ ಸಲಹೆಗಾರರಾಗಿ ಬಂದರು. ಮಂಡ್ಯದಲ್ಲಿ 1930ರ ಸುಮಾರಿಗೆ ಆರೋಗ್ಯ ಘಟಕವೊಂದು ಕೆಲಸ ಆರಂಭಿಸಿತು. ಕೃಷ್ಣರಾಜಸಾಗರದ ನಾಲೆಯ ನೀರು ಬಂದ ಸೀಮೆಯಲ್ಲಿ ಮಲೇರಿಯಾ ದೊಡ್ಡ ಪ್ರಶ್ನೆಯಾಗಿತ್ತು. ಅದೇ ದಶಕದಲ್ಲಿ ಕ್ಲೋಸ್‌ಪೇಟೆಯಲ್ಲಿ, ಎಂದರೆ ಇಂದಿನ ರಾಮನಗರದಲ್ಲಿ, ಆರೋಗ್ಯ ತರಬೇತಿ ಕೇಂದ್ರ ರೂಪುಗೊಂಡಿತು. ತರಬೇತಿಯನ್ನು ಪಟ್ಟಣದ ಆಸ್ಪತ್ರೆಯ ವಾರ್ಡಿನಿಂದ ಹಳ್ಳಿಯ ಬೀದಿಗೆ ತಂದದ್ದು ಈ ಪ್ರಯತ್ನಗಳ ಹೆಚ್ಚಳ. ಬಾವಿ, ಕಕ್ಕಸು, ತಿಪ್ಪೆ, ಸಂತೆ ಇವೇ ಪಾಠದ ಕೊಠಡಿಗಳಾದವು. ಇದೇ ಸಂಸ್ಥಾನ 1930ರ ಜೂನ್‌ನಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು.

ರಾಮನಗರ ಎರಡನೆಯ ಬಾರಿ ಚರಿತ್ರೆಯ ಗಮನ ಸೆಳೆದದ್ದು ಸ್ವಾತಂತ್ರ್ಯಾನಂತರ. ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆ 1952ರಲ್ಲಿ 'ಸುರಕ್ಷಿತ ದಿನಗಳ' ವಿಧಾನದ ಪ್ರಯೋಗವೊಂದನ್ನು ಭಾರತದಲ್ಲಿ ಕೈಗೊಂಡಿತು. ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಇದರ ಮಾರ್ಗದರ್ಶಕರು. ದೆಹಲಿಯ ಲೋದಿ ಕಾಲೊನಿ ಮತ್ತು ಮೈಸೂರು ರಾಜ್ಯದ ರಾಮನಗರ ಪ್ರಯೋಗದ ಕ್ಷೇತ್ರಗಳು. ಓದು ಬಾರದ ಹೆಂಗಸರು ದಿನ ಎಣಿಸಲು ಅನುಕೂಲವಾಗಲೆಂದು ಮಣಿಸರಗಳನ್ನು ಸಿದ್ಧಪಡಿಸಲಾಯಿತು. ಹಸಿರು ಮಣಿ ಸುರಕ್ಷಿತ ದಿನಕ್ಕೆ, ಕೆಂಪು ಮಣಿ ಗರ್ಭ ನಿಲ್ಲಬಹುದಾದ ದಿನಕ್ಕೆ; ದಿನಕ್ಕೊಂದು ಮಣಿಯನ್ನು ಸರಿಸಬೇಕು.

ಪ್ರಯೋಗ ಫಲ ಕೊಡಲಿಲ್ಲ. ಇರುಳಿನಲ್ಲಿ ಬಣ್ಣ ತಿಳಿಯುತ್ತಿರಲಿಲ್ಲ, ಸರವನ್ನು ಬಹಿರಂಗವಾಗಿ ಧರಿಸಲು ನಾಚಿಕೆಯಾಗುತ್ತಿತ್ತು, ಕೆಲವರು ಸರ ಕೊರಳಲ್ಲಿದ್ದರೆ ಸಾಕು ಬಸಿರು ನಿಲ್ಲದು ಎಂದು ಭಾವಿಸಿದರು ಎಂದು ಅದರ ವೃತ್ತಾಂತಗಳು ಹೇಳುತ್ತವೆ. ಜನಸಂಖ್ಯಾ ಸಾಹಿತ್ಯದಲ್ಲಿ ಈ ಕೊನೆಯ ಸಂಗತಿ ನಗೆಯ ಪ್ರಸಂಗವಾಗಿ ಉಲ್ಲೇಖಗೊಳ್ಳುವುದುಂಟು. ಜಾನಪದದ ದೃಷ್ಟಿಯಿಂದ ಅದರಲ್ಲಿ ನಗುವಂಥದ್ದಿಲ್ಲ. ಕರಿಮಣಿ, ತಾಯಿತ, ಯಂತ್ರ, ದೃಷ್ಟಿಯ ಮಣಿ, ಉಡಿದಾರ ಇವೆಲ್ಲ ಧರಿಸಿದ ಮಾತ್ರಕ್ಕೆ ಕಾಯುವ ವಸ್ತುಗಳು. ಅಂಥ ಸಂಸ್ಕೃತಿಯಲ್ಲಿ ಕೊರಳಿಗೆ ಹಾಕುವ ಮಣಿಸರವನ್ನು ಕೊಟ್ಟು, ಇದು ಕಾಯುವುದಿಲ್ಲ, ಇದು ಬರೀ ಎಣಿಕೆಯ ಸಾಧನ ಎಂದರೆ ಆ ಮಾತು ನಿಲ್ಲುವುದು ಕಷ್ಟ. ಆ ಹೆಂಗಸರು ಸರವನ್ನು ತಮ್ಮ ವಸ್ತುಲೋಕದ ವ್ಯಾಕರಣಕ್ಕೆ ಅನುಗುಣವಾಗಿ ಸರಿಯಾಗಿಯೇ ಓದಿದರು. ಆ ವ್ಯಾಕರಣವನ್ನು ಮೊದಲೇ ಬಲ್ಲವರನ್ನು, ಎಂದರೆ ಊರಿನ ಒಬ್ಬ ಹಿರಿಯ ಹೆಂಗಸನ್ನು ಕೇಳಿದ್ದರೂ ಗೋಡೆಗೆ ತೂಗುಹಾಕುವ ಏನನ್ನಾದರೂ ಮಾಡುವ ಸಲಹೆ ಸಿಗುತ್ತಿತ್ತು. ರಾಮನಗರದಲ್ಲಿ ಮುಂದೆ ಕುಟುಂಬ ಯೋಜನೆಯ ಗ್ರಾಮೀಣ ತರಬೇತಿ ಮತ್ತು ಪ್ರಾತ್ಯಕ್ಷಿಕೆ ಕೇಂದ್ರ ನಡೆಯಿತು. ಮಣಿಸರದ ಅನುಭವ ಅಲ್ಲಿನ ಪಾಠವಾಗಬಹುದಿತ್ತು.

ಮಲೇರಿಯಾ ಕೆಲಸದಲ್ಲಿಯೂ ಇಂಥದೇ ನಿದರ್ಶನವಿದೆ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ 1946ರಲ್ಲಿ ಡಿಡಿಟಿ ಸಿಂಪಡಣೆ ಆರಂಭವಾಯಿತು. 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಇಂಥ ಪ್ರಯೋಗಗಳೇ ಬುನಾದಿ. ಪಂಪು ಹಿಡಿಯುವುದು, ದ್ರಾವಣ ಬೆರೆಸುವುದು, ಗೋಡೆಯ ಮೇಲೆ ದಿನಾಂಕ ಬರೆಯುವುದು ಇವು ಕಾರ್ಯಕರ್ತನಿಗೆ ಕಲಿಸಿದ ವಿಷಯಗಳು. ಆದರೆ ಸಿಂಪಡಿಸಿದ ಔಷಧ ಗೋಡೆಯ ಮೇಲೆ ತಿಂಗಳುಗಟ್ಟಲೆ ಉಳಿಯಬೇಕು. ಹಬ್ಬ ಬಂದರೆ ಮಣ್ಣಿನ ಗೋಡೆಗೆ ಸಾರಣೆ, ಸುಣ್ಣ ತಪ್ಪದು. ದೇವರ ಕೋಣೆಗೆ, ಅಡಿಗೆಯ ಕೋಣೆಗೆ ಹೊರಗಿನವನಿಗೆ ಪ್ರವೇಶವಿಲ್ಲ. ಹೀಗಾಗಿ ಊರಿನ ಹಬ್ಬದ ಪಂಚಾಂಗವೂ ಮನೆಯ ಮಡಿಯ ನಕ್ಷೆಯೂ ಪಂಪಿನಷ್ಟೇ ಅಗತ್ಯವಾದ ಉಪಕರಣಗಳಾಗಿದ್ದವು. ಅವನ್ನು ಕಾರ್ಯಕರ್ತರು ತಾವಾಗಿಯೇ, ಬೈಸಿಕೊಂಡು ಕಲಿತರು.

ತುಮಕೂರಿನ ಹಳ್ಳಿಗಳು ಹೇಳಿದ್ದು

ಆರೋಗ್ಯ ಶಿಕ್ಷಣ ಒಂದು ಪ್ರತ್ಯೇಕ ವಿಭಾಗವಾಗಿ ಬೆಳೆದದ್ದು ಈ ಹೊತ್ತಿಗೆ. ಭೋರ್ ಸಮಿತಿಯ 1946ರ ವರದಿ, 1952ರ ಸಮುದಾಯ ಅಭಿವೃದ್ಧಿ ಯೋಜನೆ, 1956ರ ಕೇಂದ್ರ ಆರೋಗ್ಯ ಶಿಕ್ಷಣ ಬ್ಯೂರೊ ಇವುಗಳ ಮೂಲಕ ಜನರಲ್ಲಿ 'ಅರಿವು ಮೂಡಿಸುವುದು' ಆರೋಗ್ಯ ಕಾರ್ಯಕರ್ತರ ಕರ್ತವ್ಯಗಳ ಪಟ್ಟಿಗೆ ಸೇರಿತು. ಜಿಲ್ಲಾ ಮಟ್ಟದಲ್ಲಿ, ಬ್ಲಾಕ್ ಮಟ್ಟದಲ್ಲಿ ಆರೋಗ್ಯ ಶಿಕ್ಷಣಾಧಿಕಾರಿಗಳ ಹುದ್ದೆಗಳು ಬಂದವು. ಜನರಿಗೆ ತಿಳಿಯದು, ತಿಳಿಸಿದರೆ ಬದಲಾಗುತ್ತಾರೆ ಎಂಬುದು ಇವೆಲ್ಲದರ ಹಿಂದಿನ ಗೃಹೀತ.

ಈ ಗೃಹೀತವನ್ನು ಅಲುಗಾಡಿಸಿದ ಅಧ್ಯಯನ ನಡೆದದ್ದು ತುಮಕೂರು ಜಿಲ್ಲೆಯಲ್ಲಿ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇವಬ್ರತ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಕ್ಷಯರೋಗಿಗಳನ್ನು ಅವರ ಮನೆಗಳಲ್ಲಿಯೇ ಕಂಡು ವಿಚಾರಿಸಿದರು. ಅವರ ಲೇಖನ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಹುಪಾಲು ರೋಗಿಗಳಿಗೆ ತಮ್ಮ ಕೆಮ್ಮು, ಜ್ವರದ ಬಗ್ಗೆ ಅರಿವಿತ್ತು, ಚಿಂತೆಯೂ ಇತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಗೋ ಆರೋಗ್ಯ ಕೇಂದ್ರಕ್ಕೋ ಹೋಗಿ ಬಂದಿದ್ದರು. ಅಲ್ಲಿ ಅವರ ಕಫವನ್ನು ಪರೀಕ್ಷಿಸುವ ಬದಲು ಕೆಮ್ಮಿನ ಔಷಧದ ಸೀಸೆ ಕೊಟ್ಟು ಕಳುಹಿಸಲಾಗಿತ್ತು.

ಈ ಫಲಿತದ ಮಹತ್ವವನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಶಿಕ್ಷಣದ ಅಗತ್ಯವಿದ್ದುದು ಹಳ್ಳಿಯ ರೋಗಿಗಿಂತ ಹೆಚ್ಚಾಗಿ ಆತನ ಕೆಮ್ಮನ್ನು ಕೇಳಿಸಿಕೊಳ್ಳದ ವ್ಯವಸ್ಥೆಗೆ ಎಂಬುದನ್ನು ಅದು ಲೆಕ್ಕದ ಸಹಿತ ತೋರಿಸಿತು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮದಲ್ಲಿ ಇದರ ಪರಿಣಾಮ ಕಾಣುತ್ತದೆ. ಕೆಮ್ಮುತ್ತ ತಾವಾಗಿ ಬಂದವರ ಕಫವನ್ನು ಹತ್ತಿರದ ಕೇಂದ್ರದಲ್ಲಿಯೇ ನೋಡುವುದು ಅದರ ಆಧಾರಸೂತ್ರವಾಯಿತು. ಜಿಲ್ಲಾ ತಂಡಗಳ ತರಬೇತಿಯೂ ಬೆಂಗಳೂರಿನಲ್ಲಿಯೇ ನಡೆಯಿತು. ಆದರೆ ಕ್ಷಯದ ಆಚೆ, ಸಾಮಾನ್ಯ ಆರೋಗ್ಯ ಕಾರ್ಯಕರ್ತರ ಪಠ್ಯದಲ್ಲಿ 'ಜನರ ಅಜ್ಞಾನ' ಎಂಬ ಅಧ್ಯಾಯ ಮೊದಲಿದ್ದಲ್ಲಿಯೇ ಉಳಿಯಿತು.

ಎಲ್ಲ ಕೆಲಸಕ್ಕೂ ಒಬ್ಬಳು

ಕರ್ತಾರ್ ಸಿಂಗ್ ಸಮಿತಿಯ 1973ರ ಶಿಫಾರಸು ಈ ಚರಿತ್ರೆಯ ತಿರುವು. ಲಸಿಕೆಗಾರ, ಮಲೇರಿಯಾ ಕಾರ್ಯಕರ್ತ, ಕುಟುಂಬ ಯೋಜನೆಯ ಸಹಾಯಕ ಎಂಬ ಬೇರೆ ಬೇರೆ ಹುದ್ದೆಗಳು ಒಂದಾಗಿ ವಿವಿಧೋದ್ದೇಶ ಆರೋಗ್ಯ ಕಾರ್ಯಕರ್ತರು ಹುಟ್ಟಿದರು. ಒಂದೇ ಮನೆಗೆ ನಾಲ್ವರು ಬಂದು ನಾಲ್ಕು ಪ್ರಶ್ನೆ ಕೇಳುವುದು ತಪ್ಪಿತು ಎಂಬುದು ನಿಜವಾದ ಲಾಭ. ಆದರೆ ಸಹಾಯಕ ದಾದಿಯ, ಹಳ್ಳಿಯವರ ಬಾಯಲ್ಲಿ 'ನರ್ಸಮ್ಮ'ನ, ಶಿಕ್ಷಣಕ್ಕೆ ಇದರಿಂದ ಬಿದ್ದ ಪೆಟ್ಟು ದೊಡ್ಡದು. 1977ರಲ್ಲಿ ಪಠ್ಯಕ್ರಮ ಪರಿಷ್ಕೃತವಾದಾಗ 24 ತಿಂಗಳ ತರಬೇತಿ 18 ತಿಂಗಳಿಗೆ ಇಳಿಯಿತು. ಅದರಲ್ಲಿ ಹೆರಿಗೆಯ ವಿದ್ಯೆಗೆ ಮೀಸಲಾಗಿದ್ದ 9 ತಿಂಗಳು 6 ತಿಂಗಳಾಯಿತು. ಕರ್ತವ್ಯಗಳ ಪಟ್ಟಿ ಬೆಳೆಯಿತು, ಕಲಿಕೆಯ ಕಾಲ ಕುಗ್ಗಿತು. ಇದರೊಂದಿಗೆ ಕುಟುಂಬ ಯೋಜನೆಯ 'ಗುರಿ' ಎಂಬುದು 1996ರಲ್ಲಿ ಕೈಬಿಡುವವರೆಗೂ ಆಕೆಯ ತಲೆಯ ಮೇಲೆ ತೂಗುತ್ತಿತ್ತು.

ಇದೇ ಕಾಲದಲ್ಲಿ ಸೂಲಗಿತ್ತಿಯರಿಗೂ ಸರ್ಕಾರಿ ತರಬೇತಿ ದೊರೆಯಿತು. ಸಾವಿರ ಜನಸಂಖ್ಯೆಗೆ ಒಬ್ಬ ತರಬೇತಾದ ದಾಯಿ ಎಂಬುದು ಲಕ್ಷ್ಯ. ತರಬೇತಿ 30 ದಿನ, ಭತ್ಯೆ 300 ರೂಪಾಯಿ. ವಾರಕ್ಕೆ ಎರಡು ದಿನ ಆರೋಗ್ಯ ಕೇಂದ್ರದಲ್ಲಿ ಪಾಠ, ಉಳಿದ ದಿನ ದಾದಿಯ ಜೊತೆ ಹಳ್ಳಿ ಸುತ್ತಾಟ; ದಾದಿಯ ಮೇಲ್ವಿಚಾರಣೆಯಲ್ಲಿ ಕನಿಷ್ಠ ಎರಡು ಹೆರಿಗೆ ಮಾಡಿಸಿ ತೋರಿಸಬೇಕು; ಕೊನೆಗೆ ಒಂದು ಕಿಟ್ಟು, ಒಂದು ಪ್ರಮಾಣಪತ್ರ. ನೂರಾರು ಕೂಸುಗಳನ್ನು ಹಿಡಿದ ಕೈ ಎರಡು ಹೆರಿಗೆಗಳ ಪರೀಕ್ಷೆಗೆ ನಿಲ್ಲಬೇಕಾಯಿತು. ಪರೀಕ್ಷಿಸುವವಳು ಹೆರಿಗೆಯ ಪಾಠವನ್ನು 6 ತಿಂಗಳಿಗೆ ಇಳಿಸಿಕೊಂಡು ಬಂದ ತರುಣಿ. ಇಬ್ಬರಿಗೂ ಇದು ಅನ್ಯಾಯವೇ. ಬ್ಲೇಡನ್ನು ಕುದಿಸುವ ವಿದ್ಯೆ ಅಜ್ಜಿಗೆ, ಹೊಟ್ಟೆ ಮುಟ್ಟಿ ತಿಳಿಯುವ ವಿದ್ಯೆ ತರುಣಿಗೆ ಎಂದು ಪರಸ್ಪರ ಕಲಿಕೆಯಾಗಿ ಇದನ್ನು ರೂಪಿಸಬಹುದಿತ್ತು. ನಿಯಮದಲ್ಲಿ ಅದಕ್ಕೆ ಎಡೆಯಿರಲಿಲ್ಲ. ಒಳ್ಳೆಯ ದಾದಿಯರು ನಿಯಮದ ಹೊರಗೆ ಅಜ್ಜಿಯರಿಂದ ಕಲಿತಿದ್ದರೆ ಅದು ದಾಖಲೆಗೆ ಬರುವಂಥದ್ದಲ್ಲ.

ಕೇಂದ್ರ ಸರ್ಕಾರ 1977ರ ಅಕ್ಟೋಬರ್ 2ರಂದು ಆರಂಭಿಸಿದ ಸಮುದಾಯ ಆರೋಗ್ಯ ಕಾರ್ಯಕರ್ತರ ಯೋಜನೆಗೆ ಕರ್ನಾಟಕ ಆರಂಭದಲ್ಲಿ ಸೇರಲಿಲ್ಲ. ಆದರೆ ಸ್ಥಳೀಯರನ್ನೇ ಕಾರ್ಯಕರ್ತರನ್ನಾಗಿ ಬೆಳೆಸುವ ಪ್ರಯತ್ನಗಳು ಇಲ್ಲಿ ಬೇರೆ ರೀತಿಯಲ್ಲಿ ನಡೆದವು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗ ಯುವತಿಯರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ತಯಾರು ಮಾಡಿತು. ಗಿಡಮೂಲಿಕೆಯ ಅರಿವು ಮತ್ತು ಸೋಲಿಗ ನುಡಿ ಎರಡೂ ಇದ್ದವರಿಗೆ ಸೂಜಿ, ಮಾತ್ರೆಗಳನ್ನು ಕಲಿಸುವುದು ಸುಲಭ. ಸೂಜಿ, ಮಾತ್ರೆ ಬಲ್ಲವರಿಗೆ ಕಾಡಿನ ಪೋಡುಗಳ ಬದುಕನ್ನು ಕಲಿಸುವುದು ಅಷ್ಟು ಸುಲಭವಲ್ಲ.

ಆರೋಗ್ಯದ ಕನ್ನಡ

ತರಬೇತಿಯ ಭಾಷೆಯ ಪ್ರಶ್ನೆಯನ್ನು ಇಲ್ಲಿ ಪ್ರತ್ಯೇಕವಾಗಿ ನೋಡಬೇಕು. ಕೈಪಿಡಿಗಳ ಕನ್ನಡ 'ಪ್ರಸವಪೂರ್ವ ಆರೈಕೆ', 'ಅಪೌಷ್ಟಿಕತೆ', 'ಪುನರ್ಜಲೀಕರಣ ದ್ರಾವಣ' ಎಂಬ ಬಗೆಯದು. ಇಂಗ್ಲಿಷ್ ಕೈಪಿಡಿಯ ಛಾಯೆ ಅದರ ಮೇಲೆ ಗಾಢವಾಗಿದೆ. ಕಾರ್ಯಕರ್ತೆ ಈ ಮಾತುಗಳನ್ನು ಮತ್ತೊಮ್ಮೆ ಊರ ಕನ್ನಡಕ್ಕೆ, ತಾಂಡಾದಲ್ಲಿ ಲಂಬಾಣಿಗೆ, ಕರಾವಳಿಯಲ್ಲಿ ತುಳುವಿಗೆ, ಗಡಿಯಲ್ಲಿ ಮರಾಠಿ, ತೆಲುಗು, ಉರ್ದುವಿಗೆ ತಿರುಗಿಸುತ್ತಾಳೆ. ಅನುವಾದ ಆಕೆಯ ನಿತ್ಯದ ಕೆಲಸ. ತರಬೇತಿಯ ವೇಳಾಪಟ್ಟಿಯಲ್ಲಿ ಅದಕ್ಕೆ ಒಂದು ಗಂಟೆಯ ಪಾಠವೂ ಇರುವುದಿಲ್ಲ.

ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞ ದಂಪತಿ ದಕ್ಷಿಣ ಕನ್ನಡದಲ್ಲಿ ನಡೆಸಿದ ಅಧ್ಯಯನಗಳು ಇಲ್ಲಿ ಪ್ರಸ್ತುತ. ಬಸುರಿಯ ಹೊಟ್ಟೆಯಲ್ಲಿ ಕೂಸಿಗೂ ಅನ್ನಕ್ಕೂ ಇರುವ ಜಾಗ ಒಂದೇ, ಹೆಚ್ಚು ಉಂಡರೆ ಕೂಸಿಗೆ ಜಾಗ ಸಾಲದು ಎಂಬ ತಿಳಿವಳಿಕೆಯನ್ನು ಅವರು 1983ರ ಲೇಖನದಲ್ಲಿ ದಾಖಲಿಸಿದರು. ಇಂಥ ಶರೀರಕಲ್ಪನೆ ಇರುವಲ್ಲಿ 'ಇಬ್ಬರ ಪಾಲಿನ ಊಟ ಮಾಡು' ಎಂಬ ಬೋಧನೆ ಭಯವನ್ನೇ ಹುಟ್ಟಿಸುತ್ತದೆ. ಕಬ್ಬಿಣದ ಮಾತ್ರೆ ಉಷ್ಣ, ಹಣ್ಣು ಶೀತ, ಕೆಲವು ಮೀನು ಬಾಣಂತಿಗೆ ನಂಜು ಎಂಬ ವಿಂಗಡಣೆಗಳೂ ಹಾಗೆಯೇ. ಇವನ್ನು ಮೂಢನಂಬಿಕೆ ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕಿದ ಕಾರ್ಯಕರ್ತೆಯ ಎದುರು ಹೆಂಗಸರು ತಲೆಯಾಡಿಸಿ ಮಾತ್ರೆಯನ್ನು ಮಾಡದಲ್ಲಿಟ್ಟು ಸುಮ್ಮನಾಗುತ್ತಾರೆ. ಪರಿಚಿತ ಉಪಮೆಗಳ ಮೂಲಕ, ಎಂದರೆ ಗದ್ದೆ, ನಾಟಿ, ನೀರು, ಗೊಬ್ಬರಗಳ ಅನುಭವದಿಂದ, ಹೊಸ ವಿಷಯವನ್ನು ವಿವರಿಸುವ ಕ್ರಮವನ್ನು ಇದೇ ದಂಪತಿ ಪ್ರತಿಪಾದಿಸಿದರು. 1980ರ ದಶಕದ ಆದಿಯಲ್ಲಿ ಬೆಳ್ತಂಗಡಿ ಕಡೆ ಮಂಗನ ಕಾಯಿಲೆ ಹರಡಿದಾಗ, ಕಾಡು ಕಡಿದದ್ದಕ್ಕೆ ಭೂತಗಳು ಮುನಿದಿವೆ ಎಂಬ ಜನರ ವಿವರಣೆಯನ್ನೂ ನಿಕ್ಟರ್ ಗಂಭೀರವಾಗಿ ಪರಿಗಣಿಸಿದರು. ಕಾಡಿನ ನಾಶಕ್ಕೂ ಉಣ್ಣೆಯಿಂದ ಹರಡುವ ಈ ರೋಗಕ್ಕೂ ನಂಟಿದೆ ಎಂಬುದು ವಿಜ್ಞಾನಿಗಳ ಮಾತೂ ಹೌದು.

ಜಾನಪದ ಕಲೆಗಳನ್ನು ಆರೋಗ್ಯ ಪ್ರಚಾರಕ್ಕೆ ಬಳಸಿದ್ದು ಈ ಕೊರತೆಯನ್ನು ತುಂಬಿತೇ ಎಂಬ ಪ್ರಶ್ನೆ ಸಹಜ. ಗೀಗೀ ಮೇಳಗಳು, ಲಾವಣಿಕಾರರು, ಹರಿಕಥೆದಾಸರು, ಯಕ್ಷಗಾನ ತಂಡಗಳು ಕುಟುಂಬ ಯೋಜನೆ, ಕುಷ್ಠ, ಏಡ್ಸ್ ಕುರಿತು ಹಾಡಿದ್ದಾರೆ, ಆಡಿದ್ದಾರೆ. 'ಆರತಿಗೊಬ್ಬಳು, ಕೀರ್ತಿಗೊಬ್ಬ' ಎಂಬ ಘೋಷಣೆ ಗೋಡೆಗಳಿಂದ ಮನೆಮಾತಿಗೆ ಇಳಿಯಿತು. ಆದರೆ ಬಹುತೇಕ ಸಂದರ್ಭಗಳಲ್ಲಿ ಇಲಾಖೆ ಕಲಾವಿದನಿಗೆ ಸಂದೇಶದ ಹಾಳೆಯನ್ನು ಕೊಟ್ಟಿತು, ಕಲಾವಿದ ಅದಕ್ಕೆ ಧಾಟಿ ಕೊಟ್ಟ. ಗೀಗೀ ಪದದ ಪ್ರಾಣ ಇರುವುದು ಹರದೇಶಿ, ನಾಗೇಶಿಗಳ ವಾದದಲ್ಲಿ. ಒಂದು ಪಕ್ಷವನ್ನು ಮೊದಲೇ ಗೆಲ್ಲಿಸಿಟ್ಟರೆ ಅದು ಗೀಗೀ ಪದವಾಗಿ ಉಳಿಯುವುದಿಲ್ಲ. ಆರೋಗ್ಯ ಕಾರ್ಯಕರ್ತರಿಗೆ ಆ ಕಲೆಯಿಂದ ಸಿಗಬಹುದಾಗಿದ್ದ ದೊಡ್ಡ ಪಾಠ ಎದುರಾಳಿಯ ಮಾತನ್ನು ಪೂರ್ತಿ ಕೇಳಿ ಉತ್ತರಿಸುವ ಕ್ರಮ.

ಆಶಾ ಮತ್ತು ಅನಂತರ

ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ 2005ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಸಾವಿರ ಜನಸಂಖ್ಯೆಗೆ ಒಬ್ಬ ಆಶಾ ಕಾರ್ಯಕರ್ತೆ ಎಂಬುದು ಅದರ ಮುಖ್ಯ ಅಂಗ. ಆಕೆ ಅದೇ ಊರಿನಲ್ಲಿ ನೆಲೆಸಿದವಳಾಗಿರಬೇಕು, ವಯಸ್ಸು 25ರಿಂದ 45, ಆರಂಭದ ನಿಯಮದಂತೆ ಎಂಟನೆಯ ತರಗತಿಯವರೆಗಿನ ಓದು. ಮೊದಲ ವರ್ಷ ಕಂತುಗಳಲ್ಲಿ 23 ದಿನಗಳ ತರಬೇತಿ. ಊರಿನವಳೇ ಆದುದರಿಂದ ಹಿಂದಿನ ಪಠ್ಯಗಳು ಕಲಿಸದೆ ಬಿಟ್ಟಿದ್ದನ್ನು ಆಕೆ ಹೊತ್ತುಕೊಂಡೇ ಬಂದಳು. ಯಾವ ಮನೆಯಲ್ಲಿ ಅತ್ತೆಯನ್ನು ಮೊದಲು ಮಾತನಾಡಿಸಬೇಕು, ಯಾವ ಬಸುರಿ ತಿಂಗಳನ್ನು ಮುಚ್ಚಿಡುತ್ತಾಳೆ ಎಂಬುದು ಆಕೆಗೆ ಗೊತ್ತು. ಆದರೆ ಆಕೆಗೆ ದೊರೆಯುವ ಹಣ ಬಹುಮಟ್ಟಿಗೆ ಎಣಿಸಬಹುದಾದ ಕೆಲಸಗಳಿಗೆ ತಳುಕು ಹಾಕಿಕೊಂಡಿದೆ. ಇಷ್ಟು ಹೆರಿಗೆ, ಇಷ್ಟು ಲಸಿಕೆ ಎಂಬ ಲೆಕ್ಕವುಂಟು, ಮಾತನಾಡಿಸಿ ಮನವೊಲಿಸಿದ ಸಂಜೆಗೆ ಲೆಕ್ಕವಿಲ್ಲ. ಇದರಿಂದ ತರಬೇತಿಯೂ ಕ್ರಮೇಣ ನಮೂನೆಗಳನ್ನು ತುಂಬುವ ಕಡೆಗೆ ವಾಲಿತು. 2020ರ ಕೊರೊನಾ ಸಮೀಕ್ಷೆಯ ದಿನಗಳಲ್ಲಿ ಮನೆಮನೆಗೆ ಹೋದ ಕಾರ್ಯಕರ್ತೆಯರು ಕೆಲವೆಡೆ ಹಲ್ಲೆಗೂ ಒಳಗಾದರು. ಭಯಗೊಂಡ ಬೀದಿಯೊಂದಕ್ಕೆ ಪಟ್ಟಿ ಹಿಡಿದು ಹೋಗುವುದು ಹೇಗೆ ಎಂಬುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಬಹುಪಾಲು ಕಡೆ ಅವರನ್ನು ಕಾಯ್ದದ್ದು 'ನಮ್ಮ ಆಶಾ' ಎಂಬ ಪರಿಚಯ. ಅಂಥ ಪರಿಚಯವನ್ನು ಗಳಿಸಿದ ಬಗೆ ತರಬೇತಿಗೆ ವಿಷಯವಾಗಬೇಕಾದ ಸಾಮಗ್ರಿ.

ಹೆರಿಗೆಯ ಚಿತ್ರ ಇದೇ ಅವಧಿಯಲ್ಲಿ ಪೂರ್ತಿ ಬದಲಾಯಿತು. ಜನನಿ ಸುರಕ್ಷಾ ಯೋಜನೆ ಹೆರಿಗೆಯನ್ನು ಆಸ್ಪತ್ರೆಗೆ ಒಯ್ದಿತು, ತಾಯಂದಿರ ಸಾವು ಇಳಿಯಿತು. ದಾಯಿಯರ ತರಬೇತಿ ನಿಂತುಹೋಯಿತು, ಏಕೆಂದರೆ 'ಕುಶಲ ಹೆರಿಗೆ ಸಹಾಯಕಿ' ಎಂಬ ಹೊಸ ವ್ಯಾಖ್ಯೆಯೊಳಗೆ ಅವರು ಬರಲಿಲ್ಲ. ಆ ವ್ಯಾಖ್ಯೆಯೊಳಗಿದ್ದ ದಾದಿಯರಿಗೆ, 1977ರಲ್ಲಿ ಕಡಿತಗೊಂಡದ್ದನ್ನು ಮರಳಿ ಕೊಡುವಂತೆ, 21 ದಿನಗಳ ವಿಶೇಷ ತರಬೇತಿ ಏರ್ಪಟ್ಟಿತು.

ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಸಂಬಳವಿಲ್ಲದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಹೆಸರಾದವರು. ತುಮಕೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಭಾರತದಲ್ಲಿ ಸೂಲಗಿತ್ತಿ ಸೇವೆಗಳ ಮಾರ್ಗಸೂಚಿಯನ್ನು ಹೊರಡಿಸಿ, ದಾದಿಯರನ್ನು 18 ತಿಂಗಳ ತರಬೇತಿಯಿಂದ ಹೆರಿಗೆಯ ತಜ್ಞೆಯರನ್ನಾಗಿ ರೂಪಿಸುವ ಯೋಜನೆಯನ್ನು ಪ್ರಕಟಿಸಿತು. ಹೆರುವವಳ ಜೊತೆಯಲ್ಲಿರುವುದು, ಸಹಜ ಹೆರಿಗೆಗೆ ಕಾಯುವುದು, ಆಕೆಗೆ ಅನುಕೂಲವಾದ ಭಂಗಿಯಲ್ಲಿ ಹೆರಲು ಬಿಡುವುದು ಇವು ಇಂಥ ಸೇವೆಯ ಮೂಲತತ್ತ್ವಗಳು. ನರಸಮ್ಮನವರು ಬೆಂಗಳೂರಿನಲ್ಲಿ ಡಿಸೆಂಬರ್ 25ರಂದು ತೀರಿಕೊಂಡರು.